ಚಿನ್ನಿಯ ಮೊಟ್ಟೆಗಳನ್ನು ನಾನು ಯಾಕೆ ಎತ್ತುವುದಿಲ್ಲ

ಕಾಕಟೀಲ್ ಅಂದರೆ ಗಿಳಿ ಜಾತಿಯ ಪುಟ್ಟ ಸಾಕುಹಕ್ಕಿ. ಒಂಟಿಯಾಗಿರುವ ಹೆಣ್ಣು ಕಾಕಟೀಲ್ ಕೂಡ ಮೊಟ್ಟೆ ಇಡುತ್ತದೆ. ಗಂಡು ಬೇಕಾಗಿಲ್ಲ, ಮರಿಯಾಗುವುದಿಲ್ಲ ಅಷ್ಟೇ. ನಮ್ಮ ಚಿನ್ನಿ ಮೊಟ್ಟೆ ಇಟ್ಟಾಗ ಮನೆಗೆ ಬಂದವರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಭಯ. ನೂರು ಗ್ರಾಂ ತೂಗದ ಹಕ್ಕಿ ಅದು. ಪ್ರತಿ ಮೊಟ್ಟೆಯ ಚಿಪ್ಪಿಗೂ ಕ್ಯಾಲ್ಸಿಯಂ ಬೇಕು. ತಿಂದಿದ್ದು ಸಾಲದಿದ್ದರೆ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಹೀಗೇ ಮುಂದುವರಿದರೆ ಮೂಳೆ ಮುರಿಯಬಹುದು, ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು.

ಹಕ್ಕಿಗಳ ಡಾಕ್ಟರ್ ಮೊದಲು ಕೇಳಿದ್ದು ಊಟದ ಬಗ್ಗೆ ಅಲ್ಲ. 'ರಾತ್ರಿ ಲೈಟ್ ಎಷ್ಟು ಹೊತ್ತಿಗೆ ಆರಿಸ್ತೀರಿ?' ಅಂದರು. ಪಂಜರ ಇದ್ದದ್ದು ಹಾಲ್‌ನಲ್ಲಿ. ಟಿವಿ ಹನ್ನೊಂದರವರೆಗೆ ಓಡುತ್ತಿತ್ತು.

ಕಾಕಟೀಲ್‌ಗಳ ಊರು ಆಸ್ಟ್ರೇಲಿಯಾದ ಒಣನೆಲ. ಅಲ್ಲಿ ಮಳೆ ಬಿದ್ದು ಹುಲ್ಲು ಕಾಳು ಕಟ್ಟಿದಾಗ ಅವು ಗೂಡು ಹುಡುಕುತ್ತವೆ. ನಮ್ಮ ಮನೆಯಲ್ಲೋ ವರ್ಷವಿಡೀ ಸುಗ್ಗಿ. ಬಟ್ಟಲ ತುಂಬ ಸೂರ್ಯಕಾಂತಿ ಬೀಜ, ಉದ್ದನೆಯ ಹಗಲು, ಬೀರುವಿನ ಕೆಳಗೆ ಕತ್ತಲೆ ಸಂದು, ಹರಿಯೋದಕ್ಕೆ ಪೇಪರ್. ಮೊಟ್ಟೆ ಇಡು ಅಂತ ನಾವೇ ಹೇಳಿದ ಹಾಗೆ ಅಲ್ವಾ?

ಈಗ ಸಂಜೆ ಆರೂವರೆಗೆ ಪಂಜರ ಹಿಂದಿನ ರೂಮಿಗೆ ಹೋಗುತ್ತದೆ. ಬೆಳಗ್ಗೆವರೆಗೆ ಹನ್ನೆರಡು ಗಂಟೆಗೂ ಜಾಸ್ತಿ ಕತ್ತಲೆ. ನಮ್ಮ ಅತ್ತೆಗೆ ಸೀರಿಯಲ್ ನೋಡುವಾಗ ಚಿನ್ನಿ ಭುಜದ ಮೇಲೆ ಇರಬೇಕಿತ್ತು. ಆದರೂ 'ಅದರ ಮೈಗೆ ಒಳ್ಳೇದಾಗುತ್ತೆ ಅಂದ್ರೆ ಬೇಗ ಮಲಗಲಿ ಬಿಡಮ್ಮ' ಅಂದರು. ಬೀರುವಿನ ಸಂದಿಗೆ ಹಲಗೆ ಹೊಡೆಸಿದೆವು. ಕನ್ನಡಿ ತೆಗೆದೆವು. ಬೆನ್ನು ಸವರುವುದನ್ನು ಎಲ್ಲರೂ ಬಿಟ್ಟೆವು. ಬೆನ್ನು, ರೆಕ್ಕೆಯ ಕೆಳಗೆ ಮುಟ್ಟಿದರೆ ಹಕ್ಕಿ ಅದನ್ನು ಜೋಡಿಯ ಸ್ಪರ್ಶ ಅಂದುಕೊಳ್ಳುತ್ತದೆ. ತಲೆ, ಕೆನ್ನೆ ಕೆರೆಯಬಹುದು.

ಸೂರ್ಯಕಾಂತಿ ಬೀಜ ಈಗ ಅಪರೂಪ. ನವಣೆ, ನುಗ್ಗೆಸೊಪ್ಪು, ಕ್ಯಾರೆಟ್ ಕೊಡುತ್ತೇನೆ. ಕಚ್ಚಲು ಕಟಲ್‌ಬೋನ್ (ಕ್ಯಾಲ್ಸಿಯಂ ತುಂಬಿದ, ಕಟಲ್‌ಫಿಶ್ ಎಂಬ ಸಮುದ್ರ ಜೀವಿಯ ಒಳಚಿಪ್ಪು) ಯಾವಾಗಲೂ ಇರುತ್ತದೆ. ಬೆಳಗಿನ ಎಳೆ ಬಿಸಿಲಿಗೆ ಪಂಜರವನ್ನು ಬಾಲ್ಕನಿಯಲ್ಲೇ ಇಡಬೇಕು. ಕಿಟಕಿ ಗಾಜಿನ ಹಿಂದಿನ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದಿಲ್ಲ.

ಇನ್ನು ಮೊಟ್ಟೆಯ ವಿಷಯ. ಇಟ್ಟ ತಕ್ಷಣ ಎತ್ತಿ ಬಿಸಾಡಿ ಅನ್ನುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕಾಕಟೀಲ್ ದಿನ ಬಿಟ್ಟು ದಿನ ಇಡುತ್ತಾ, ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆಗೆ ನಿಲ್ಲಿಸುತ್ತದೆ. ನಾವು ಎತ್ತಿದರೆ ಕಳೆದುಹೋದದ್ದನ್ನು ತುಂಬಿಸಲು ಮತ್ತೆ ಇಡುತ್ತದೆ. ಅಲ್ಲೇ ಬಿಡಿ, ಕಾವು ಕೊಡಲಿ. ಮೂರು ವಾರ ಕಳೆದ ಮೇಲೆ ಮರಿ ಬರುವುದಿಲ್ಲ ಅಂತ ಗೊತ್ತಾಗಿ ತಾನೇ ಎದ್ದು ಹೋಗುತ್ತದೆ. ಆಮೇಲೆ ತೆಗೆಯಿರಿ. ಗಂಡು ಜೊತೆಗಿದ್ದು ಮರಿ ಬೇಡ ಅಂದರೆ, ಇಟ್ಟ ದಿನವೇ ಮೊಟ್ಟೆ ಬೇಯಿಸಿ, ಆರಿಸಿ ವಾಪಸ್ ಇಡಿ. ಪ್ಲಾಸ್ಟಿಕ್ ಮೊಟ್ಟೆಯೂ ಆಗುತ್ತದೆ.

ಚಿನ್ನಿ ಈಗಲೂ ಒಮ್ಮೊಮ್ಮೆ ಇಡುತ್ತಾಳೆ. ಆದರೆ ಸರದಿಗಳ ನಡುವೆ ತುಂಬಾ ಅಂತರ ಇದೆ. ಇಷ್ಟಕ್ಕೂ ನಿಲ್ಲದ ಹಕ್ಕಿಗಳಿಗೆ ಹಾರ್ಮೋನ್ ಇಂಜೆಕ್ಷನ್ ಇದೆ, ಅದನ್ನು ಡಾಕ್ಟರೇ ತೀರ್ಮಾನಿಸಬೇಕು.

ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆಯಾ? ಮೊಟ್ಟೆ ಇಡಲು ತಿಣುಕುತ್ತಿದೆಯಾ? ಉಸಿರಿಗೊಮ್ಮೆ ಬಾಲ ಅಲ್ಲಾಡುತ್ತಿದೆಯಾ? ಮೊಟ್ಟೆ ಸಿಕ್ಕಿಕೊಂಡಿರಬಹುದು. ಎಣ್ಣೆ ಹಚ್ಚುವುದು, ಹೊಟ್ಟೆ ಒತ್ತುವುದು ಬೇಡ, ಮೊಟ್ಟೆ ಒಳಗೇ ಒಡೆದರೆ ಜೀವಕ್ಕೇ ಅಪಾಯ. ಬೆಚ್ಚಗಿನ ಡಬ್ಬದಲ್ಲಿಟ್ಟು ಆಗಲೇ ಹೊರಡಿ. ನಾಯಿ, ಬೆಕ್ಕು ನೋಡುವ ಎಲ್ಲ ಡಾಕ್ಟರೂ ಹಕ್ಕಿ ನೋಡುವುದಿಲ್ಲ. ನಿಮ್ಮ ಊರಲ್ಲಿ ನೋಡುವವರು ಯಾರು ಅಂತ ಇವತ್ತೇ ವಿಚಾರಿಸಿ, ನಂಬರ್ ಇಟ್ಟುಕೊಂಡಿರಿ.