ನಡುವಿನ ಚರಣಗಳನ್ನು ಬಿಡಬೇಡಿ

ಯೇಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟ, ಯೆಹೂದ್ಯರ ಪಸ್ಕ ಹಬ್ಬದ ಊಟ, ಮುಗಿದಿತ್ತು. ಆತನನ್ನು ಹಿಡಿದುಕೊಡಲಿದ್ದ ಯೂದನು ಎದ್ದು ಕತ್ತಲೆಗೆ ಹೋಗಿಯಾಗಿತ್ತು. ಆಮೇಲೆ ಅವರು ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರು ಎಂದು ಮತ್ತಾಯನೂ ಮಾರ್ಕನೂ ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಸಾಗುತ್ತಾರೆ. ಪವಿತ್ರ ಗುರುವಾರದ ಆರಾಧನೆಯಲ್ಲಿ ಈ ಭಾಗವನ್ನು ಓದುವಾಗಲೆಲ್ಲ ನನ್ನ ಮನಸ್ಸು ಆ ವಾಕ್ಯವನ್ನು ದಾಟುವುದಿಲ್ಲ. ಗೆತ್ಸೇಮನೆ ತೋಟದ ಪ್ರಾರ್ಥನೆಯ ಬೆವರಿಗೂ ಮೊದಲು, ಹಿಡಿಯಲು ಬಂದವರ ದೀವಟಿಗೆಗಳಿಗೂ ಮೊದಲು, ನಮ್ಮ ಕರ್ತನು ತನ್ನವರ ಜೊತೆ ಕುಳಿತು ಹಾಡಿದನು.

ಯಾವ ಕೀರ್ತನೆ? ಸುವಾರ್ತೆಗಳು ಅದನ್ನು ಹೆಸರಿಸಿಲ್ಲ. ಆದರೆ ಪಸ್ಕದ ರಾತ್ರಿ ಯೆಹೂದ್ಯರು ಬೈಬಲಿನ ಕೀರ್ತನೆಗಳ ಪುಸ್ತಕದ 113ರಿಂದ 118ರವರೆಗಿನ ಕೀರ್ತನೆಗಳನ್ನು ಹಾಡುವ ವಾಡಿಕೆಯಿತ್ತು; ಮೊದಲ ಕೆಲವು ಊಟಕ್ಕೆ ಮುಂಚೆ, ಉಳಿದವು ಊಟದ ನಂತರ. ಹಾಗಿದ್ದರೆ ಆ ರಾತ್ರಿ ಯೇಸುವಿನ ಬಾಯಲ್ಲಿದ್ದ ಮಾತುಗಳನ್ನು ನಾವು ಇವತ್ತಿಗೂ ತೆರೆದು ಓದಬಹುದು. ಮರಣದ ಪಾಶಗಳು ನನ್ನನ್ನು ಸುತ್ತಿಕೊಂಡಿದ್ದವು ಎಂದು 116ನೆಯ ಕೀರ್ತನೆ ಹೇಳುತ್ತದೆ. ಅದೇ ಕೀರ್ತನೆಯಲ್ಲಿ ರಕ್ಷಣೆಯ ಪಾತ್ರೆಯನ್ನು ಎತ್ತುವೆನೆಂಬ ಹರಕೆಯೂ ಇದೆ. ಆಗತಾನೇ ಪಾತ್ರೆಯನ್ನು ಶಿಷ್ಯರಿಗೆ ಕೊಟ್ಟವನು ಅದನ್ನು ಹಾಡಿದ್ದಾನೆ. ಅದೇ ರಾತ್ರಿ ನೆಲಕ್ಕೆ ಮುಖವಿಟ್ಟು, ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಬೇಡಲಿರುವವನೂ ಆತನೇ. ಕೊನೆಗೆ 118: ಮನೆ ಕಟ್ಟುವವರು ಬೇಡವೆಂದು ಬಿಟ್ಟ ಕಲ್ಲೇ ಮೂಲೆಗಲ್ಲಾಯಿತು, ನಾನು ಸಾಯೆನು, ಜೀವದಿಂದಿರುವೆನು, ಇದು ಕರ್ತನು ಮಾಡಿದ ದಿನ, ಇದರಲ್ಲಿ ಹರ್ಷಿಸೋಣ. ಬೆಳಗಾದರೆ ಶುಭ ಶುಕ್ರವಾರ. ಆ ದಿನವನ್ನು ಕುರಿತು ಹರ್ಷಿಸೋಣ ಎಂದು ಹಾಡುವ ಧೈರ್ಯ ಇನ್ನಾರಿಗಿತ್ತು! ನಾವು ವರ್ಷವಿಡೀ ಸಾರುವ ಸುವಾರ್ತೆಯೆಲ್ಲ, ಮರಣವೂ ತಿರಸ್ಕಾರವೂ ಎಬ್ಬಿಸಲ್ಪಟ್ಟ ಜೀವವೂ, ಆ ಮೇಲಂತಸ್ತಿನ ಕೋಣೆಯಲ್ಲಿ ಮೊದಲು ಹಾಡಾಗಿ ಕೇಳಿಬಂತು.

ಮರಣವನ್ನು ಬಿಡದೆ ಹಾಡುವುದನ್ನು ಶಿಷ್ಯರು ಆತನಿಂದಲೇ ಕಲಿತಿರಬೇಕು. ಫಿಲಿಪ್ಪಿಯ ಸೆರೆಮನೆಯಲ್ಲಿ ಬೆನ್ನೆಲ್ಲ ಹೊಡೆತದ ಗಾಯ, ಕಾಲಿಗೆ ಕೋಳ. ಮಧ್ಯರಾತ್ರಿಯಲ್ಲಿ ಪೌಲನೂ ಸೀಲನೂ ಸ್ತುತಿಪದಗಳನ್ನು ಹಾಡುತ್ತಿದ್ದರು, ಉಳಿದ ಸೆರೆಯವರು ಕಿವಿಗೊಟ್ಟಿದ್ದರು. ಮುಂದೆ ಪೌಲನು ಅದೇ ಊರಿನ ಸಭೆಗೆ ಪತ್ರ ಬರೆದಾಗ ಅದರ ಎರಡನೆಯ ಅಧ್ಯಾಯದಲ್ಲಿ ಇಟ್ಟ ಸಾಲುಗಳು ಆದಿಸಭೆ ಹಾಡುತ್ತಿದ್ದ ಗೀತೆಯೇ ಇರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ದೇವಸ್ವರೂಪನಾಗಿದ್ದವನು ತನ್ನನ್ನು ಬರಿದುಮಾಡಿಕೊಂಡನು, ದಾಸನಾದನು, ಶಿಲುಬೆಯ ಮರಣದವರೆಗೂ ವಿಧೇಯನಾದನು. ಆದಕಾರಣ ದೇವರು ಆತನನ್ನು ಅತ್ಯುನ್ನತ ಸ್ಥಾನಕ್ಕೆ ಏರಿಸಿದನು. ಈ ಗೀತೆಯ ಆದಿಯನ್ನೂ ಅಂತ್ಯವನ್ನೂ ಉಳಿಸಿಕೊಂಡು ನಡುವನ್ನು ತೆಗೆದುಬಿಡಿ. ಮಹಿಮೆ ಉಳಿಯುತ್ತದೆ, ಶಿಲುಬೆ ಹೋಗುತ್ತದೆ. ಅದು ಸುವಾರ್ತೆಯಲ್ಲ.

ನಮ್ಮ ಆರಾಧನೆಗಳಲ್ಲಿ ಇತ್ತೀಚೆಗೆ ಹೆಚ್ಚಾಗಿ ಕೇಳಿಬರುವ ಒಂದು ಮಾತು ನನ್ನನ್ನು ನೋಯಿಸುವುದು ಇದಕ್ಕೇ: ಸಮಯವಿಲ್ಲ, ಮೊದಲನೆಯ ಮತ್ತು ಕೊನೆಯ ಚರಣ ಮಾತ್ರ ಹಾಡೋಣ. ಪ್ರಕಟಣೆಗಳಿಗೆ ಸಮಯವಿರುತ್ತದೆ, ಸನ್ಮಾನಗಳಿಗೂ ಇರುತ್ತದೆ. ಹಳೆಯ ಗೀತೆಗಳನ್ನು ಬರೆದವರು ಚರಣಗಳನ್ನು ಸುಮ್ಮನೆ ಪೋಣಿಸಲಿಲ್ಲ. ಸಾಮಾನ್ಯವಾಗಿ ಮೊದಲ ಚರಣ ಕರೆಯುತ್ತದೆ, ಕೊನೆಯದು ಪರಲೋಕವನ್ನು ನೋಡುತ್ತದೆ. ಪಾಪವೂ ರಕ್ತವೂ ಕ್ಷಮೆಯೂ ಇರುವುದು ನಡುವೆ.

ಪಾವ್ಲ್ ಗೆರ್‌ಹಾರ್ಟ್ ಎಂಬ ಜರ್ಮನ್ ಬೋಧಕನ ಗೀತೆಯೊಂದನ್ನು ನೋಡಿ. ಮುಳ್ಳಿನ ಕಿರೀಟ ಹೊತ್ತ, ರಕ್ತ ಸೋರುವ ಆ ತಲೆಯನ್ನು ನೋಡಿ ಮಾತಾಡುವ ಗೀತೆ ಅದು, 1656ರದು. ಕ್ರಿಸ್ತನ ಅಂಗಾಂಗಗಳ ಗಾಯಗಳನ್ನು ಪಾದದಿಂದ ಮುಖದವರೆಗೆ ಧ್ಯಾನಿಸುವ ಮಧ್ಯಯುಗದ ಲ್ಯಾಟಿನ್ ಕವಿತೆಯೊಂದರಿಂದ ಹುಟ್ಟಿದ್ದು. ಅದರ ರಾಗವೋ, ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದು. ಗೆರ್‌ಹಾರ್ಟ್ ಬೆಳೆದದ್ದು 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಮಹಾಯುದ್ಧದ ನಡುವೆ. ಹುಟ್ಟಿದ ಊರನ್ನು ಸೈನಿಕರು ಸುಟ್ಟರು. ಮುಂದೆ ಐದು ಮಕ್ಕಳಲ್ಲಿ ನಾಲ್ವರನ್ನು, ಆಮೇಲೆ ಹೆಂಡತಿಯನ್ನು ಮಣ್ಣಿಗೆ ಕೊಟ್ಟನು. ಆತನ ಗೀತೆಯ ನಡುವೆ ಬರುವ ಅರಿಕೆ ಇಷ್ಟು: ಕರ್ತನೇ, ನೀನು ಹೊತ್ತದ್ದು ನನ್ನ ಹೊರೆ, ಅದನ್ನು ನಿನ್ನ ಮೇಲೆ ತಂದವನು ನಾನು. ಅದನ್ನು ಹಾಡಿದವರಿಗೆ ಮಾತ್ರ ಮುಂದಿನ ಬೇಡಿಕೆ ಬಾಯಿಗೆ ಬರುತ್ತದೆ: ನಾನು ಹೊರಡುವ ಗಳಿಗೆಯಲ್ಲಿ ನೀನು ನನ್ನನ್ನು ಬಿಟ್ಟು ಹೊರಡಬೇಡ. ಮತ್ತಾಯನ ಸುವಾರ್ತೆಯ ಶ್ರಮೆಯ ಕಥನಕ್ಕೆ ಸಂಗೀತ ಕಟ್ಟಿದ ಜರ್ಮನ್ ಸಂಗೀತಕಾರ ಬಾಖ್, ಯೇಸು ಪ್ರಾಣಬಿಟ್ಟ ವಾಕ್ಯದ ಬೆನ್ನಿಗೇ ಈ ಚರಣವನ್ನಿಟ್ಟನು. ಕರ್ತನ ಮರಣವನ್ನು ಕೇಳಿದ ಕೂಡಲೇ ಸಭೆ ತನ್ನ ಮರಣವನ್ನು ಆತನ ಕೈಗೆ ಕೊಡುತ್ತದೆ. ಇದಕ್ಕಿಂತ ಒಳ್ಳೆಯ ಉಪದೇಶವನ್ನು ನಾನು ಕೇಳಿಲ್ಲ.

ಕರಾವಳಿಯ ಸಭೆಗಳಿಗೆ ಇಂಥ ಜರ್ಮನ್ ರಾಗಗಳು ಬಂದದ್ದು ಬಾಸೆಲ್ ಮಿಷನ್ ಎಂಬ ಸುವಾರ್ತಾ ಸಂಸ್ಥೆಯವರ ಜೊತೆ. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆದರೆ ಕನ್ನಡದ ಬಾಯಿಗೆ ಕನ್ನಡದ ಲಯವೇ ಬೇಕೆಂಬುದನ್ನು ಅವರಲ್ಲಿ ಕೆಲವರು ಬೇಗನೆ ಅರಿತರು. ನಿಘಂಟಿನಿಂದ ನಮಗೆಲ್ಲ ಪರಿಚಿತನಾದ ಫೆರ್ಡಿನಾಂಡ್ ಕಿಟೆಲ್, ಆ ನಿಘಂಟಿಗಿಂತ ಮೂರು ದಶಕ ಮೊದಲೇ, 1862ರಲ್ಲಿ, ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ನಮ್ಮ ಛಂದಸ್ಸಿಗೆ ತಂದನು. ಕೇಳಿ ಕಲಿಯುವ ನಾಡಿನಲ್ಲಿ ಸುವಾರ್ತೆ ಹಾಡಿನ ಮೂಲಕವೇ ಮನೆಯೊಳಗೆ ಬರಬೇಕಿತ್ತು. ಅಕ್ಷರ ಬಾರದ ಎಷ್ಟೋ ಅಜ್ಜಿಯರು ಇಡೀ ಗೀತೆಗಳನ್ನು ಬಾಯಿಪಾಠವಾಗಿ ಹಾಡುತ್ತಿದ್ದರು, ಒಂದು ಚರಣವೂ ತಪ್ಪದೆ. ಕಣ್ಣು ಮಂಜಾದ ಮೇಲೂ, ನೆನಪು ಕೈಕೊಟ್ಟ ಮೇಲೂ ಅವರಲ್ಲಿ ಉಳಿದದ್ದು ಅದೇ. ರೋಗಿಯ ಹಾಸಿಗೆಯ ಬಳಿ ಕುಳಿತು ಹಾಡಿದವರಿಗೆ ಇದು ಗೊತ್ತು: ಹೆಸರು ಕೇಳಿದರೆ ಉತ್ತರಿಸದ ತುಟಿಗಳು ಎರಡನೆಯ ಚರಣಕ್ಕೆ ಅಲುಗುತ್ತವೆ.

ಈ ಸಲದ ಶ್ರಮೆಯ ವಾರಕ್ಕೆ ಗೀತೆಗಳನ್ನು ಆರಿಸುವ ಸಭಾಪಾಲಕರಲ್ಲಿ, ಗಾಯನ ಮಂಡಳಿಯವರಲ್ಲಿ ನನ್ನದೊಂದು ಬೇಡಿಕೆ. ಗೀತೆಗಳ ಸಂಖ್ಯೆ ಕಡಿಮೆ ಮಾಡಿ, ಅಡ್ಡಿಯಿಲ್ಲ. ಆರಿಸಿದ್ದನ್ನು ಪೂರ್ತಿ ಹಾಡಿಸಿ. ಗುರುವಾರ ರಾತ್ರಿ ಕರ್ತನ ಭೋಜನದ ನಂತರ 118ನೆಯ ಕೀರ್ತನೆಯನ್ನು ಇಡೀ ಸಭೆಯಿಂದ, ಮಕ್ಕಳನ್ನೂ ಸೇರಿಸಿಕೊಂಡು, ಮೊದಲಿಂದ ಕೊನೆಯವರೆಗೆ ಹೇಳಿಸಿ. ಆತನು ಅದನ್ನು ಹಾಡಿಯೇ ಹೊರಟನು.