ಮಿತಿಯಿಲ್ಲದ ದೇವರು: ನನ್ನ ಕಾರ್ಡ್ ಪೆಟ್ಟಿಗೆ ಈಗ ಗ್ರೆಗರಿಯವರೆಗೆ

ಈ ತಿಂಗಳು, ಓದಿನ ಟಿಪ್ಪಣಿಗಳನ್ನು ಬರೆದಿಟ್ಟ ಕಾರ್ಡ್‌ಗಳನ್ನೆಲ್ಲ ಹೊರಗೆ ಸುರಿದು ಹೊಸದಾಗಿ ಜೋಡಿಸಿದೆ. ಇದುವರೆಗೆ ಗ್ರೀಕ್ ದಾರ್ಶನಿಕರು ಒಂದು ಖಾನೆಯಲ್ಲಿ, ಕ್ರೈಸ್ತ ಚಿಂತಕರು ಇನ್ನೊಂದರಲ್ಲಿ ಇದ್ದರು. ಈಗ ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ, ಒಂದೇ ಪ್ರಶ್ನೆಯ ಹಿಂದೆ: ದೈವಕ್ಕೆ ಮಿತಿ ಇದೆಯೇ?

ಸಾಲಿನ ಮೊದಲಿಗೆ ಅರಿಸ್ಟಾಟಲ್. ಎಷ್ಟು ತೆಗೆದುಕೊಂಡರೂ ಇನ್ನೂ ಏನಾದರೂ ಹೊರಗೆ ಉಳಿದೇ ಇರುವುದು ಅನಂತ ಎನ್ನುತ್ತಾನೆ ಆತ. ಅಂದರೆ ಅದು ಅಪೂರ್ಣ. ಪೂರ್ಣವಾದುದಕ್ಕೆ ಅಂಚು ಇರಲೇಬೇಕು. ಈ ಮಾತು ಬೆನ್ನಿಗಿದ್ದರೆ ಮೂರನೆಯ ಶತಮಾನದ ಕ್ರೈಸ್ತ ಚಿಂತಕ ಆರಿಜೆನ್ ಸುಲಭವಾಗಿ ಅರ್ಥವಾಗುತ್ತಾನೆ. ದೇವರ ಶಕ್ತಿ ಅನಂತವಾಗಿದ್ದರೆ ಅದು ತನ್ನನ್ನೇ ತಾನು ಅರಿಯಲಾರದು, ಆದ್ದರಿಂದ ಅದಕ್ಕೆ ಮಿತಿ ಇದೆ ಎಂದು ಆತ ಬರೆದನೆನ್ನಲಾದ ಸಾಲು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಇಷ್ಟು ಭಕ್ತಿಯ ಮನುಷ್ಯ ಇಂಥ ಮಾತನ್ನು ಧೈರ್ಯವಾಗಿ ಆಡಬಲ್ಲ! ಆದರೆ ಆ ಗ್ರೀಕ್ ಸಾಲು ಉಳಿದಿರುವುದು ಆತನನ್ನು ಖಂಡಿಸಲೆಂದು ಆರನೆಯ ಶತಮಾನದ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಬರೆದ ಪತ್ರದಲ್ಲಿ. ಹಾಗಾಗಿ ಹೊಸ ನಿಯಮವೊಂದನ್ನು ಮಾಡಿಕೊಂಡೆ: ಎದುರಾಳಿಗಳ ಬಾಯಿಂದಲೇ ನಮಗೆ ತಲುಪಿದ ಮಾತುಗಳಿಗೆ ಅಂಚಿನಲ್ಲಿ ಕೆಂಪು ಗೆರೆ.

ರೋಮಿನಲ್ಲಿ ಪಾಠ ಹೇಳುತ್ತಿದ್ದ ದಾರ್ಶನಿಕ ಪ್ಲಾಟಿನಸ್ (ನಿಧನ 270) ಎಲ್ಲದರ ಮೂಲವಾದ, ಪರಮವಾದ 'ಏಕ'ದ ಶಕ್ತಿಗೆ ಎಲ್ಲೆಯಿಲ್ಲ ಎಂದ. ಅವನ ಕಾರ್ಡ್‌ಗಳು ಇನ್ನೂ ತೆಳುವಾಗಿವೆ, ಮತ್ತೆ ಕೂರಬೇಕು.

ಹೆಚ್ಚಿನ ಸಮಯ ಹೋದದ್ದು ಯುನೋಮಿಯಸ್ ಮತ್ತು ನಿಸ್ಸಾದ ಗ್ರೆಗರಿಯ ಜಗಳಕ್ಕೆ. ಇಬ್ಬರೂ ನಾಲ್ಕನೆಯ ಶತಮಾನದ ಕ್ರೈಸ್ತ ಚಿಂತಕರು, ಈಗಿನ ಟರ್ಕಿಯಲ್ಲಿರುವ ಕಪ್ಪಡೋಸಿಯಾದವರು. 'ಹುಟ್ಟಿಲ್ಲದವನು' ಎಂಬುದು ದೇವರ ಸತ್ತ್ವವನ್ನೇ, ಅಂದರೆ ದೇವರು ಮೂಲತಃ ಏನು ಎಂಬುದನ್ನೇ, ತಿಳಿಸುತ್ತದೆ, ಮಗನಾದ ಕ್ರಿಸ್ತನಾದರೋ ಹುಟ್ಟಿದವನು, ಆದ್ದರಿಂದ ಅವನ ಸತ್ತ್ವ ಬೇರೆ ಎಂಬುದು ಯುನೋಮಿಯಸ್‌ನ ವಾದ. ಗ್ರೆಗರಿಯ ಅಣ್ಣ ಬೆಸಿಲ್ ಇದಕ್ಕೆ ಉತ್ತರ ಬರೆದಿದ್ದ. ಯುನೋಮಿಯಸ್ ಅದಕ್ಕೆ ಮರುತ್ತರ ಕೊಡುವ ಹೊತ್ತಿಗೆ ಬೆಸಿಲ್‌ನ ಕಾಲ ಮುಗಿಯುತ್ತಾ ಬಂದಿತ್ತು. 380ರ ಸುಮಾರಿಗೆ ತಮ್ಮ ಗ್ರೆಗರಿ ಲೇಖನಿ ಹಿಡಿದ.

ಗ್ರೆಗರಿಯ ತರ್ಕವನ್ನು ಕಾರ್ಡಿನಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಒಳಿತಿಗೆ ಮಿತಿ ಬರುವುದು ಅದರ ವಿರುದ್ಧದಿಂದ ಮಾತ್ರ. ಜೀವಕ್ಕೆ ಸಾವು, ಬೆಳಕಿಗೆ ಕತ್ತಲೆ. ದೇವರಲ್ಲಿ ಕೆಡುಕಿಗೆ ಜಾಗವೇ ಇಲ್ಲ. ಅಂದ ಮೇಲೆ ಅಲ್ಲಿ ಮಿತಿ ಎಲ್ಲಿಂದ ಬಂದೀತು? ಅರಿಸ್ಟಾಟಲ್‌ನಿಗೆ ಕೊರತೆಯಾಗಿದ್ದ ಅನಂತ ಇಲ್ಲಿ ಪೂರ್ಣತೆಯೇ ಆಗಿಬಿಡುತ್ತದೆ. ಮಿತಿಯಿಲ್ಲದುದನ್ನು ಯಾವ ಹೆಸರೂ ಹಿಡಿದಿಡಲಾರದು, ಹಾಗಾಗಿ ಯುನೋಮಿಯಸ್ ಕೊಟ್ಟ 'ಹುಟ್ಟಿಲ್ಲದವನು' ಎಂಬ ಹೆಸರೂ ಕಾಲಡಿಯ ನೆಲ ಕಳೆದುಕೊಳ್ಳುತ್ತದೆ. ತಂದೆ ಮತ್ತು ಮಗನ ಸತ್ತ್ವ ಒಂದೇ ಎಂದು ಸಾರಿದ, ನಿಸಿಯಾದಲ್ಲಿ 325ರಲ್ಲಿ ಸೇರಿದ ಬಿಷಪ್‌ಗಳ ಸಭೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನ ಮಟ್ಟಿಗೆ ನಿಜವಾದ ತಿರುವು ಇದೇ.

ಪಾಪ, ಯುನೋಮಿಯಸ್‌ನ ಮೊದಲ ಸಮರ್ಥನೆಯ ಗ್ರಂಥ ಇಡಿಯಾಗಿ ಸಿಗುತ್ತದೆ, ಎರಡನೆಯದರಲ್ಲಿ ಗ್ರೆಗರಿ ಉದ್ಧರಿಸಿದ ತುಣುಕುಗಳಷ್ಟೇ ಗತಿ. ಅವಕ್ಕೂ ಕೆಂಪು ಗೆರೆ ಎಳೆದಾಯಿತು.

ಈಗ ಬೈಬಲಿನ ಪ್ರವಾದಿ ಮೋಶೆಯ ಜೀವನದ ಮೇಲೆ ಗ್ರೆಗರಿ ಬರೆದುದನ್ನು ಓದುತ್ತಿದ್ದೇನೆ. ಮೋಶೆ ಮೊದಲು ಬೆಳಕಿನಲ್ಲಿ, ಆಮೇಲೆ ಮೋಡದಲ್ಲಿ, ಕೊನೆಗೆ ಸೀನಾಯಿ ಬೆಟ್ಟದ ಕಾರ್ಗತ್ತಲೆಯಲ್ಲಿ ದೇವರನ್ನು ಕಾಣುತ್ತಾನೆ. ಕಾಣಬೇಕೆಂಬ ಹಂಬಲ ಎಂದೂ ತೀರದಿರುವುದೇ ದೇವರನ್ನು ಕಾಣುವುದು ಎಂಬ ಭಾಗಕ್ಕೆ ಪ್ರತ್ಯೇಕ ಕಾರ್ಡ್ ಬೇಕು. ಅದು ಮುಗಿದ ಮೇಲೆ ಪ್ಲಾಟಿನಸ್‌ನತ್ತ ಮರಳಿ, ಇಬ್ಬರ ಅನಂತವೂ ಒಂದೇ ಹೌದೋ ಅಲ್ಲವೋ ಎಂದು ಸಾಲುಸಾಲಾಗಿ ಹೋಲಿಸುತ್ತೇನೆ.