ಏರಿನ ಮಧ್ಯೆ ಕೈಕೊಟ್ಟ ಫೋರ್ ಲೋ

ಸಕಲೇಶಪುರದಿಂದ ಹಾನುಬಾಳು ಕಡೆ ಓಡಾಡಿದವರಿಗೆ ಇಲ್ಲಿನ ತೋಟದ ದಾರಿಗಳು ಹೇಗಿರುತ್ತವೆ ಅಂತ ಗೊತ್ತು. ಟಾರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಾಕು, ಜೇಡಿ ಮಣ್ಣು, ಅದರ ಮೇಲೆ ಕೊಳೆತ ಸಿಲ್ವರ್ ಎಲೆ, ಅದರ ಮೇಲೆ ಹರಿಯೋ ನೀರು. ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಗಾಡಿ ಮಳೆಗಾಲದಲ್ಲಿ ನಮ್ಮ ಮನೆ ತನಕ ಬರುವುದಿಲ್ಲ. ಹಾಗಾಗಿ ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ನಮಗೆ ಶೋಕಿ ಅಲ್ಲ. ಗೊಬ್ಬರ, ಗ್ಯಾಸ್ ಸಿಲಿಂಡರ್, ಜ್ವರ ಬಂದ ಮಗು, ಎಲ್ಲ ಅದರಲ್ಲೇ ಹೋಗಬೇಕು, ಅದರಲ್ಲೇ ಬರಬೇಕು.

ಅದಕ್ಕೇ ಸಾಲ ಮಾಡಿ ಹೊಸ ಗಾಡಿ ತಗೊಂಡೆ. ಕಂಪನಿ ಹೆಸರು ಇಲ್ಲಿ ಬೇಡ. ಡೀಸೆಲ್, ಆಟೋಮ್ಯಾಟಿಕ್ ಗೇರ್, ಗಟ್ಟಿ ಚಾಸಿ. ಹಳೇ ಜೀಪಿನಲ್ಲಿ ಗೇರ್ ಪಕ್ಕ ಇರುತ್ತಿದ್ದ ಲಿವರ್ ಇದರಲ್ಲಿ ಇಲ್ಲ, ಅದರ ಬದಲು ಒಂದು ಗುಂಡನೆಯ ನಾಬ್. ಟೂ ಹೈ, ಫೋರ್ ಹೈ, ಫೋರ್ ಲೋ. ಟೂ ಅಂದರೆ ಎರಡು ಚಕ್ರ, ಫೋರ್ ಅಂದರೆ ನಾಲ್ಕೂ ಚಕ್ರ. ನಾವು ನಾಬ್ ತಿರುಗಿಸಿದರೆ ಗಾಡಿ ಕೆಳಗಿರುವ ಒಂದು ಪುಟ್ಟ ಮೋಟಾರು ಉಳಿದ ಕೆಲಸ ಮಾಡುತ್ತದೆ. ಟಾರು ರಸ್ತೆಗೆ ಟೂ ಹೈ, ಕೆಸರಿಗೆ ಫೋರ್ ಹೈ, ಕಡಿದಾದ ಏರಿಗೆ ಫೋರ್ ಲೋ. ಲೋ ಹಾಕಿದರೆ ವೇಗ ಕಡಿಮೆ, ಆದರೆ ಚಕ್ರಕ್ಕೆ ಸಿಗುವ ಬಲ ಸುಮಾರು ಎರಡೂವರೆ ಪಟ್ಟು ಜಾಸ್ತಿ. ನಮ್ಮ ಹಳ್ಳದ ಮೇಲಿನ ಏರಿಗೆ ಅದಿಲ್ಲದೆ ಆಗಲ್ಲ.

ಮೊದಲ ಮಳೆಗಾಲ ಏನೂ ತೊಂದರೆ ಕೊಡಲಿಲ್ಲ. ಎರಡನೆಯದರಲ್ಲಿ ಶುರುವಾಯಿತು. ಫೋರ್ ಲೋಗೆ ಹಾಕಿದಾಗ ಡ್ಯಾಶ್‌ಬೋರ್ಡಿನ ಲೈಟ್ ಒಂದೆರಡು ಸೆಕೆಂಡ್ ಮಿಣುಕಿ ಆಮೇಲೆ ನಿಂತು ಉರಿಯಬೇಕು. ಇದು ಮಿಣುಕುತ್ತಲೇ ಇರುತ್ತಿತ್ತು. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಕೆಲವು ಸಲ ಸರಿಹೋಗುತ್ತಿತ್ತು, ಕೆಲವು ಸಲ ಇಲ್ಲ. ಬಿಸಿಲು ಬಂದ ದಿನ ಏನೂ ಆಗದವರ ಹಾಗೆ ಕೆಲಸ ಮಾಡುತ್ತಿತ್ತು. ಸರ್ವೀಸ್‌ಗೆ ಬಿಟ್ಟಾಗ ಹೇಳಿದೆ, ಬರೆಸಿದೆ. "ಚೆಕ್ ಮಾಡಿದ್ವಿ ಸರ್, ಪ್ರಾಬ್ಲಂ ಏನೂ ಕಾಣ್ತಿಲ್ಲ" ಅಂದರು.

ಆರಿದ್ರಾ ಮಳೆ ಹಿಡಿದಿತ್ತು. ಬೆಳಿಗ್ಗೆ ತೋಟದ ಕೆಲಸದವರ ಲೈನ್ ಮನೆಯಿಂದ ಮೇಸ್ತ್ರಿ ಓಡಿ ಬಂದ. "ಅಣ್ಣಾ, ಅವ್ವಂಗೆ ಉಸಿರು ಕಟ್ತಾ ಐತೆ, ಆಸ್ಪತ್ರೆಗೆ ಹೋಗ್ಬೇಕು." ಅಜ್ಜಿಗೆ ಮೊದಲಿಂದಲೂ ಉಬ್ಬಸ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಕೂರಿಸಿ, ಪಕ್ಕದಲ್ಲಿ ಅವನ ಹೆಂಡತಿ ಹಿಡಿದುಕೊಂಡು, ಹೊರಟೆವು. ಹಳ್ಳ ದಾಟಿ ಏರಿನ ಬುಡಕ್ಕೆ ಬಂದೆವು. ಫೋರ್ ಹೈನಲ್ಲಿ ಅರ್ಧ ಹತ್ತಿ ಚಕ್ರ ಜಾರತೊಡಗಿತು. ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು, ಗೇರ್ ನ್ಯೂಟ್ರಲ್‌ಗೆ ತಂದು, ನಾಬ್ ಫೋರ್ ಲೋಗೆ ತಿರುಗಿಸಿದೆ. ಪುಸ್ತಕದಲ್ಲಿ ಹೇಳಿರುವುದೂ ಹಾಗೇ. ಕೆಳಗೆ ಟಕ್ ಅಂತ ಸದ್ದಾಯಿತು. ಲೈಟ್ ಮಿಣುಕಿತು, ಮಿಣುಕುತ್ತಲೇ ಇತ್ತು. ಗೇರ್ ಡಿಗೆ (ಡ್ರೈವ್) ಹಾಕಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಮಾತ್ರ ಕೂಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಚಕ್ರ ಜಾರುತ್ತಲೂ ಇಲ್ಲ, ತಿರುಗುತ್ತಲೇ ಇಲ್ಲ.

ಇಳಿದು ನೋಡೋಣ ಅಂತ ಪಿಗೆ ಹಾಕಿ ಬ್ರೇಕಿನಿಂದ ಕಾಲು ಸಡಿಲ ಬಿಟ್ಟೆ. ಗಾಡಿ ಹಿಂದಕ್ಕೆ ಉರುಳಿತು.

ಪಾರ್ಕಿಂಗ್‌ಗೆ ಹಾಕಿದ ಗಾಡಿ ಉರುಳುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ ಹೇಳಿ. ಹಿಂದೆ ಹಳ್ಳ, ಒಳಗೆ ಉಸಿರಿಗೆ ಒದ್ದಾಡುತ್ತಿರುವ ಅಜ್ಜಿ. ಬ್ರೇಕ್ ತುಳಿದೆ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದೆ. ಪುಣ್ಯಕ್ಕೆ ಇದರಲ್ಲಿ ಕೈಯಲ್ಲಿ ಎಳೆಯುವ ಹ್ಯಾಂಡ್ ಬ್ರೇಕೇ ಇದೆ. "ಚಕ್ರಕ್ಕೆ ಕಲ್ಲು ಕೊಡೋ" ಅಂತ ಕೂಗಿದೆ. ಮೇಸ್ತ್ರಿ ಜಿಗಿದು ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಆಫ್ ಮಾಡಿ, ಆನ್ ಮಾಡಿ, ನಾಬ್ ಹಿಂದಕ್ಕೆ ತಿರುಗಿಸಿ, ಏನೇನೋ ನೋಡಿದೆ. ಆಗಲಿಲ್ಲ.

ಪಕ್ಕದ ತೋಟದ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರ ಹತ್ತಿರ ಹಳೇ ಎಂಎಂ 540 ಜೀಪ್ ಇದೆ. ಟಾಪ್ ಹರಿದಿದೆ, ಬಾಗಿಲ ಬದಲು ಟಾರ್ಪಾಲು. ಅವರು ಮೇಲಿನಿಂದ ಇಳಿದು ಬಂದು, "ಏನಾತೋ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಅಜ್ಜಿಯನ್ನು ಎತ್ತಿ ಕೂರಿಸಿಕೊಂಡರು. ಲಿವರ್ ಎಳೆದರು, ಗೇರ್ ಹಾಕಿದರು, ಹತ್ತಿಸಿಕೊಂಡು ಹೋದರು. ಅಜ್ಜಿಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ಚೇತರಿಸಿಕೊಂಡಳು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ಕಂಪನಿ ಮೇಲೆ ಸಿಟ್ಟು ಬರುತ್ತದೆ.

ಅವತ್ತು ಆಗಿದ್ದೇನು ಅಂತ ಆಮೇಲೆ ತಿಳಿಯಿತು. ಇಂತಹ ಗಾಡಿ ಇರುವ ಎಲ್ಲರಿಗೂ ಇದು ಗೊತ್ತಿರಬೇಕು. ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಬಂದು, ಅಲ್ಲಿಂದ ಟ್ರಾನ್ಸ್‌ಫರ್ ಕೇಸ್ ಅನ್ನೋ ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆ. ಹಿಂದಿನ ಹೌಸಿಂಗ್‌ಗೆ ಒಂದು, ಮುಂದಿನದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟ್ ಹೊರಡುವುದು ಈ ಪೆಟ್ಟಿಗೆಯಿಂದ. ಹೌಸಿಂಗ್ ಅಂದರೆ ಎರಡು ಚಕ್ರಗಳ ನಡುವೆ ಇರುವ ಗೇರಿನ ಗೂಡು, ಪ್ರೊಪೆಲ್ಲರ್ ಶಾಫ್ಟ್ ಅಂದರೆ ಅಲ್ಲಿಗೆ ಬಲ ಒಯ್ಯುವ ಉದ್ದ ಸರಳು. ಹೈನಿಂದ ಲೋಗೆ ಹೋಗುವಾಗ ಒಳಗಿನ ಗೇರು ನಡುವೆ ಒಂದು ನ್ಯೂಟ್ರಲ್ ದಾಟಿ ಹೋಗಬೇಕು. ಆ ಪುಟ್ಟ ಮೋಟಾರು ಸರಿಯಾಗಿ ಅಲ್ಲೇ ನಿಂತುಬಿಟ್ಟರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇರುವುದಿಲ್ಲ. ಪಿ ಅಂದರೆ ಗೇರ್‌ಬಾಕ್ಸ್ ಒಳಗಿನ ಒಂದು ಹಲ್ಲಿನ ಚಕ್ರಕ್ಕೆ ಕೊಕ್ಕೆ ಸಿಕ್ಕಿಸುವುದು ಅಷ್ಟೆ. ಅದು ಇರುವುದು ಟ್ರಾನ್ಸ್‌ಫರ್ ಕೇಸಿಗಿಂತ ಮುಂಚೆ. ಹಾಗಾಗಿ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಪಿ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಗಾಡಿ ಮಾರುವಾಗ ಟಚ್ ಸ್ಕ್ರೀನ್ ಹೇಗೆ ಬಳಸೋದು ಅಂತ ಗಂಟೆಗಟ್ಟಲೆ ಹೇಳಿಕೊಟ್ಟವರು ಇದನ್ನು ಒಂದು ಮಾತು ಹೇಳಲಿಲ್ಲ.

ಮಧ್ಯಾಹ್ನ ಟ್ರ್ಯಾಕ್ಟರ್ ಕಟ್ಟಿ ಎಳೆಸಿ ಟಾರು ರಸ್ತೆ ಪಕ್ಕ ನಿಲ್ಲಿಸಿದೆವು. ಅಲ್ಲಿಂದ ಕಂಪನಿಯವರು ಗಾಡಿಯನ್ನು ಲಾರಿ ಮೇಲೆ ಹಾಕಿಕೊಂಡು ಹೋದರು. ಸರ್ವೀಸ್ ಸೆಂಟರ್ ಒಳಗೆ, ಶೀಟ್ ಕೆಳಗೆ, ಬೆಚ್ಚಗೆ ಒಣಗಿಕೊಂಡು ನಿಂತ ಮೇಲೆ ಫೋರ್ ಲೋ ಸಲೀಸಾಗಿ ಬಿತ್ತು. ನನ್ನನ್ನು ಕೂರಿಸಿಕೊಂಡು ಸಿಮೆಂಟ್ ಅಂಗಳದಲ್ಲೇ ಒಂದು ಸುತ್ತು ಹಾಕಿಸಿ, "ನೋಡಿ ಸರ್, ಪರ್ಫೆಕ್ಟ್ ಆಗಿದೆ" ಅಂದರು. ಒಣ ಸಿಮೆಂಟಿನ ಮೇಲೆ ಇಂತಹ ಗಾಡಿಯನ್ನು ಫೋರ್ ಲೋನಲ್ಲಿ ತಿರುಗಿಸಲೇಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಆದರೆ ಎರಡೂ ಶಾಫ್ಟು ಒಟ್ಟಿಗೆ ಬಿಗಿದುಕೊಂಡಿರುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಸಿಮೆಂಟಿನ ಮೇಲೆ ಜಾರಲು ಜಾಗವಿಲ್ಲ, ಗೇರು ಶಾಫ್ಟುಗಳ ಮೇಲೆ ತಿರುಚು ಬೀಳುತ್ತದೆ. ಅದೇ ಜನ ಆಮೇಲೆ ನನ್ನನ್ನೇ ಕೇಳಿದರು, "ನೀವು ಟಾರು ರೋಡಲ್ಲಿ ಫೋರ್ ಬೈ ಫೋರ್ ಹಾಕಿ ಓಡಿಸಿದೀರಾ ಸರ್?"

ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ಹಳೇ ದೋಷದ ಕೋಡ್ ಸಿಕ್ಕಿತ್ತಂತೆ. ಏನು ಕೋಡ್ ಅಂದರೆ, "ಕ್ಲಿಯರ್ ಮಾಡಿದ್ವಿ ಸರ್." ಅದೇ ನನಗೆ ತಡೆಯಲಾರದಷ್ಟು ಬೇಸರವಾಗಿದ್ದು. ತೊಂದರೆ ಆದ ಹೊತ್ತಿನಲ್ಲಿ ಗಾಡಿ ತಾನೇ ಬರೆದಿಟ್ಟುಕೊಂಡ ಸಾಕ್ಷಿ ಅದು. ಅದನ್ನು ಅಳಿಸಿ ಹಾಕಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ ಅಂತ ಬರೆದು, ಗಾಡಿ ತೊಳೆದು ಕೊಟ್ಟರು.

ಮತ್ತೆ ಮಳೆ ಬಂತು, ಮತ್ತೆ ಲೈಟ್ ಮಿಣುಕಿತು. ಈ ಸಲ ಒಂದು ಚಿಕ್ಕ ಸ್ಕ್ಯಾನರ್ ತರಿಸಿಟ್ಟುಕೊಂಡಿದ್ದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನಲ್ಲೇ ಕೋಡ್ ಓದಬಹುದು. ಮೊದಲ ಅಕ್ಷರ ಪಿ ಆದರೆ ಇಂಜಿನ್, ಗೇರ್ ಕಡೆಯದು. ಯು ಆದರೆ ಗಾಡಿಯ ಕಂಪ್ಯೂಟರುಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಳ್ಳುತ್ತಿಲ್ಲ ಅಂತ. ನನಗೆ ಎರಡೂ ಸಿಕ್ಕಿದವು. ಫೋಟೋ ತೆಗೆದಿಟ್ಟು ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ.

ಅವರು ಗಾಡಿ ಕೆಳಗೆ ಗೋಣಿಚೀಲ ಹಾಸಿ ಮಲಗಿದರು, ಟಾರ್ಚ್ ಹಿಡಿದರು, ಟ್ರಾನ್ಸ್‌ಫರ್ ಕೇಸಿನ ಮೋಟಾರಿಗೆ ಬರುವ ವೈರಿನ ಪ್ಲಗ್ ಹುಡುಕಿದರು. ಲಾಕ್ ಒತ್ತಿ ಎಳೆದ ಕೂಡಲೇ ನೀರು ತೊಟ್ಟಿಕ್ಕಿತು. ಒಳಗಿನ ರಬ್ಬರ್ ಸೀಲ್ ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು, ಜೋಡಿಸಿದ ದಿನದಿಂದ ಹಾಗೇ ಇದ್ದಿರಬೇಕು, ಯಾಕೆಂದರೆ ಮಡಿಕೆ ಗುರುತು ಅಚ್ಚಾಗಿ ಕೂತಿತ್ತು. ಎರಡು ಪಿನ್ನಿಗೆ ಹಸಿರು ಕಿಲುಬು. "ಇದು ನೋಡಣ್ಣ, ಮೋಟಾರು ಎಲ್ಲಿದೀನಿ ಅಂತ ಕಂಪ್ಯೂಟರಿಗೆ ಹೇಳೋ ವೈರು. ಇದು ಸುಳ್ಳು ಹೇಳಿದ್ರೆ ಕಂಪ್ಯೂಟರ್ ಹೆದರಿ ಮೋಟಾರ್ ನಿಲ್ಲಿಸಿಬಿಡುತ್ತೆ" ಅಂದರು. ಮಳೆಯಲ್ಲಿ ಯಾಕೆ ಕೆಡುತ್ತದೆ, ಬಿಸಿಲಲ್ಲಿ ಯಾಕೆ ಸರಿಹೋಗುತ್ತದೆ, ಶೀಟ್ ಕೆಳಗೆ ಯಾಕೆ ಪರ್ಫೆಕ್ಟ್, ಎಲ್ಲದಕ್ಕೂ ಒಂದೇ ಉತ್ತರ ಸಿಕ್ಕಿತು.

ಅವರೇ ಇನ್ನೊಂದು ಬುದ್ಧಿವಂತಿಕೆ ಹೇಳಿದರು. "ನಾನು ಕ್ಲೀನ್ ಮಾಡಲ್ಲ. ಮಾಡಿದ್ರೆ ನಿಮ್ಮ ವಾರಂಟಿ ಹೋಗುತ್ತೆ, ಸಾಕ್ಷಿನೂ ಹೋಗುತ್ತೆ. ವಿಡಿಯೋ ಮಾಡ್ಕೊಳಿ, ಹಾಗೇ ಹಾಕ್ತೀನಿ." ಜೊತೆಗೆ ಮುಂದಿನ ಹೌಸಿಂಗಿನ ಆಯಿಲ್ ಕೂಡ ನೋಡಿದರು. ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಸೇರಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿ ಆಡಲು ಇಟ್ಟ ಬ್ರೀದರ್ ಪೈಪಿನ ಬಾಯಿ ತಗ್ಗಿನಲ್ಲಿದ್ದರೆ ಅದು ನೀರನ್ನೇ ಒಳಗೆಳೆದುಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಪೈಪು ಕ್ಲಿಪ್ಪಿನಿಂದ ಕಳಚಿ ಕೆಳಗೆ ನೇತಾಡುತ್ತಿತ್ತು. ಇಷ್ಟು ಸರ್ವೀಸ್ ಆದರೂ ಯಾರೂ ತಲೆ ಎತ್ತಿ ನೋಡಿರಲಿಲ್ಲ.

ಸರ್ವೀಸ್ ಸೆಂಟರಿನಲ್ಲಿ ಈ ಸಲ ಗಾಡಿ ಲಿಫ್ಟಿಗೆ ಏರಿಸಿ ನನ್ನೆದುರೇ ಪ್ಲಗ್ ಬಿಚ್ಚಿ ಅಂತ ಹಟ ಹಿಡಿದೆ. ಬಿಚ್ಚಿದರು, ಕಿಲುಬು ನೋಡಿದರು, ಮುಖ ಮುಖ ನೋಡಿಕೊಂಡರು. ಆಮೇಲೆ ಮಾತು ಬದಲಾಯಿತು. ನೀರಲ್ಲಿ ಓಡಿಸಿದ್ದೀರಿ, ಪ್ರೆಷರ್ ವಾಶ್ ಮಾಡಿಸಿದ್ದೀರಿ, ಇದು ವಾರಂಟಿಗೆ ಬರಲ್ಲ. ಗಾಡಿ ಎಷ್ಟು ಮಿಲಿಮೀಟರ್ ನೀರಿಗೆ ಇಳಿಯಬಲ್ಲದು ಅಂತ ಅವರದೇ ಬ್ರೋಷರಿನಲ್ಲಿ ಅಂಕಿ ಹಾಕಿ, ನದಿ ದಾಟುವ ಚಿತ್ರ ಅಚ್ಚು ಮಾಡಿದ್ದಾರೆ. ಪ್ರೆಷರ್ ವಾಶ್ ಪ್ರತಿ ಸರ್ವೀಸಿನಲ್ಲೂ ಅವರೇ ಮಾಡುತ್ತಾರೆ, ಬಿಲ್ಲಿನಲ್ಲೂ ಇದೆ. ನಮ್ಮ ಮನೆಯಲ್ಲಿ ಇರುವುದು ಬರೀ ಪೈಪು, ಬಕೆಟ್ಟು.

ಬಾಯಿ ಮಾತು ಸಾಕು ಅನ್ನಿಸಿತು. ಇಮೇಲ್‌ನಲ್ಲಿ ಎಲ್ಲ ಬರೆದೆ, ವಿಡಿಯೋ, ಕೋಡಿನ ಫೋಟೋ, ಸರ್ವೀಸ್ ಸೆಂಟರಿನ ಹಳೇ ಜಾಬ್ ಕಾರ್ಡ್ ಎಲ್ಲ ಸೇರಿಸಿದೆ. ಹಾಸನದ ವಕೀಲರೊಬ್ಬರು ಹೇಳಿದ ಎರಡು ವಿಷಯ ಉಪಯೋಗಕ್ಕೆ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಆಯೋಗವೇ ಸಾಕು, ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಇದನ್ನೂ ಇಮೇಲ್‌ನಲ್ಲಿ ಬರೆದೆ. ಅಷ್ಟಾದ ಮೇಲೆ ಕಂಪನಿಯ ಇಂಜಿನಿಯರ್ ಒಬ್ಬರು ತೋಟಕ್ಕೇ ಬಂದರು. ಮಳೆಯಲ್ಲೇ ಆ ಏರು ಹತ್ತಿಸಿ ಅಂದೆ. ಲೈಟ್ ಮಿಣುಕುವುದನ್ನು ಕಣ್ಣಾರೆ ನೋಡಿದರು. ಒಳ್ಳೆ ಹುಡುಗ, ಸುಮ್ನೆ ವಾದ ಮಾಡಲಿಲ್ಲ. ವೈರಿಂಗೂ ಮೋಟಾರೂ ವಾರಂಟಿಯಲ್ಲೇ ಬದಲಾಯಿಸಲು ಬರೆದುಕೊಟ್ಟರು. ಸಾಮಾನು ಬರುವ ತನಕ ಗಾಡಿ ಅಲ್ಲೇ ನಿಂತಿತ್ತು, ನಾವು ಇಡೀ ಪುಷ್ಯ ಮಳೆ ದೊಡ್ಡಪ್ಪನ ಜೀಪಿನಲ್ಲೇ ಓಡಾಡಿದೆವು.

ಎಲೆಕ್ಟ್ರಾನಿಕ್ಸ್ ಬೇಡ ಅಂತ ನಾನು ಹೇಳಲ್ಲ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು ಬೇರೆ ಚಕ್ರಕ್ಕೆ ಬಲ ಕಳಿಸುವ ವ್ಯವಸ್ಥೆ ಇದರಲ್ಲಿದೆ, ಕೆಲಸ ಮಾಡುವಾಗ ಅದು ಎಷ್ಟೋ ಸಲ ಉಳಿಸಿದೆ. ಆದರೆ ಟ್ರಾನ್ಸ್‌ಫರ್ ಕೇಸಿಗೆ ಕೈಯಲ್ಲಿ ಎಳೆಯುವ ಒಂದು ದಾರಿ ಇರಲೇಬೇಕು. ಮೋಟಾರು ನಿಂತರೆ ಸ್ಪ್ಯಾನರ್ ಹಾಕಿ ತಿರುಗಿಸುವ ಒಂದು ಬೋಲ್ಟ್ ಇಟ್ಟರೂ ಸಾಕು. ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಬರೀ ಲೈಟ್ ಮಿಣುಕಿದರೆ ಸಾಲದು, ಜೋರಾಗಿ ಕೂಗಿ ಎಚ್ಚರಿಸಬೇಕು. ಕಾಡು ಮೇಡಿನಲ್ಲಿ ಓಡಲು ಅಂತಲೇ ಮಾಡಿದ ಗಾಡಿಯನ್ನು ಒಣ ಅಂಗಳದಲ್ಲಿ ಪರೀಕ್ಷೆ ಮಾಡಿ ಸರಿ ಇದೆ ಅನ್ನುವುದು ಸರಿಯಲ್ಲ, ಅಲ್ವಾ?

ಹೌಸಿಂಗಿನ ಆಯಿಲ್, ಬ್ರೀದರ್ ಸರಿಮಾಡಿಸಿದ ದುಡ್ಡು ಇನ್ನೂ ವಾಪಸ್ ಕೊಟ್ಟಿಲ್ಲ, ಕೇಳುತ್ತಲೇ ಇದ್ದೇನೆ. ಅದಕ್ಕಿಂತ ಮುಖ್ಯ, ಇದೇ ಮಾದರಿ ಗಾಡಿ ಇರುವ ಬೇರೆಯವರಿಗೆ ಕಂಪನಿ ಒಂದು ಮಾತೂ ಹೇಳಿಲ್ಲ. 2021ರ ಏಪ್ರಿಲ್‌ನಿಂದ ಏಳು ವರ್ಷದೊಳಗಿನ ಗಾಡಿಗಳ ತಯಾರಿಕಾ ದೋಷದ ಬಗ್ಗೆ ಮಾಲೀಕರೇ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ದೂರು ಜಾಸ್ತಿ ಬಂದರೆ ಸರ್ಕಾರವೇ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಸಲು ಹೇಳಬಹುದು. ನಾನು ಹಾಕಿದ್ದೇನೆ. ನಾಬ್ ಇರುವ ಗಾಡಿ ನಿಮ್ಮಲ್ಲೂ ಇದ್ದರೆ ಮಳೆ ಹಿಡಿಯುವ ಮುಂಚೆ ಆ ಪ್ಲಗ್ ಬಿಚ್ಚಿಸಿ ನೋಡಿ, ಕೋಡ್ ಅಳಿಸುವ ಮುಂಚೆ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಏರಿನಲ್ಲಿ ಲೈಟ್ ಮಿಣುಕುತ್ತಿದ್ದರೆ ಪಿ ನಂಬಬೇಡಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡುವ ತನಕ ಬ್ರೇಕಿನಿಂದ ಕಾಲು ತೆಗೆಯಬೇಡಿ.